ಅಟ್ಲಾಂಟಾ ನಗರದಲ್ಲಿ ಪಾಂಡವರು

ಹತ್ತು ಹನ್ನೆರಡು ವಯಸ್ಸಿನ ಮಕ್ಕಳು ಓದತಕ್ಕ ಕಥೆಗಳ ವಿಷಯದಲ್ಲಿ ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಎರಡು ಮಾತಿನಲ್ಲಿ ವಿಚಾರ ಮುಗಿಸಿಬಿಡುತ್ತೇವೆ. ಹುಡುಗರು ಒಂದು ಕಡೆ ಗಲಾಟೆಯಿಲ್ಲದೆ ಕುಳಿತರೆ ಸಾಕು ಎಂಬುದು ಒಂದು ಮಾತು. ಹೇಗೂ ಇಂಗ್ಲಿಷು ಚೆನ್ನಾಗಿ ಬರುತ್ತದೆಯಲ್ಲ ಎಂಬುದು ಇನ್ನೊಂದು. ಆ ಪುಸ್ತಕದೊಳಗೆ ಏನಿದೆಯೆಂದು ತೆರೆದು ನೋಡುವ ತಂದೆತಾಯಿಗಳು ವಿರಳ. ಈ ಹೊತ್ತು ಅಂಥದೊಂದು ಪುಸ್ತಕವನ್ನು ತೆರೆದು ನೋಡೋಣವೆಂಬುದು ನಮ್ಮ ಆಶಯ. ಇದನ್ನೇ ಆರಿಸಿಕೊಂಡುದಕ್ಕೆ ಕಾರಣ, ಅದರೊಳಗೆ ಬರುವವರು ನಮಗೆ ಹೊಸಬರಲ್ಲ. ಇಂದ್ರನಿದ್ದಾನೆ, ಯಮನಿದ್ದಾನೆ, ಚಿತ್ರಗುಪ್ತನಿದ್ದಾನೆ, ಅರ್ಜುನನೂ ಧರ್ಮರಾಯನೂ ಒಂದು ಬಗೆಯಲ್ಲಿ ಇದ್ದಾರೆ, ಶಕುನಿಯೂ ಇದ್ದಾನೆ. ಅವರು ಸೇರುವ ಸ್ಥಳ ಮಾತ್ರ ಹಸ್ತಿನಾವತಿಯಲ್ಲ, ಅಮೆರಿಕಾ ಸಂಯುಕ್ತ ಸಂಸ್ಥಾನದ ಜಾರ್ಜಿಯಾ ಪ್ರಾಂತ್ಯದಲ್ಲಿರುವ ಅಟ್ಲಾಂಟಾ ನಗರ.

ಪುಸ್ತಕದ ಹೆಸರು ‘ಆರೂ ಶಾ ಅಂಡ್ ದಿ ಎಂಡ್ ಆಫ್ ಟೈಮ್’. ‘ಆರೂ ಶಾ ಮತ್ತು ಕಾಲದ ಕೊನೆ’ ಎಂದು ಕನ್ನಡಿಸಬಹುದು. ಬರೆದವರು ರೋಶನಿ ಚೋಕ್ಷಿ ಎಂಬ ಲೇಖಕಿ. ಭಾರತ ಮತ್ತು ಫಿಲಿಪೈನ್ಸ್ ಈ ಎರಡು ದೇಶಗಳ ಮೂಲವೂ ಕೂಡಿದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಪುಸ್ತಕ ಪ್ರಕಟವಾದದ್ದು 2018ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ. ಅದರ ಕಥೆ ಮುಂದುವರಿದು ಒಟ್ಟು ಐದು ಸಂಪುಟಗಳಾಗಿ 2022ರಲ್ಲಿ ಮುಗಿಯಿತು. ನಾವು ಮಾತನಾಡುವುದು ಮೊದಲನೆಯ ಸಂಪುಟವನ್ನು ಕುರಿತು ಮಾತ್ರ.

ಈ ಬಗೆಯ ಪುಸ್ತಕ ಹುಟ್ಟಿದ್ದಕ್ಕೆ ಒಂದು ಪೂರ್ವಕಥೆಯುಂಟು. ಅಮೆರಿಕದಲ್ಲಿ ರಿಕ್ ರಯರ್ಡನ್ ಎಂಬೊಬ್ಬ ಶಾಲೆಯ ಉಪಾಧ್ಯಾಯರಿದ್ದರು. ಅವರ ಮಗನಿಗೆ ಅಕ್ಷರ ಕೂಡಿಸಿ ಓದುವುದು ಬಹಳ ಕಷ್ಟ. ಒಂದು ಕಡೆ ಕೂರುವುದು ಅದಕ್ಕಿಂತ ಕಷ್ಟ. ಆದರೆ ಗ್ರೀಕರ ಪುರಾಣಕಥೆಗಳೆಂದರೆ ಅವನಿಗೆ ಪ್ರಾಣ. ರಾತ್ರಿ ಮಲಗುವ ಹೊತ್ತಿಗೆ ತಂದೆ ಹೇಳುತ್ತಿದ್ದ ಕಥೆಗಳು ಮುಗಿದುಹೋದಾಗ ಮಗ ಹೊಸದು ಬೇಕೆಂದ. ತಂದೆ, ಓದು ಬಾರದ ಒಬ್ಬ ಹನ್ನೆರಡು ವರ್ಷದ ಹುಡುಗನನ್ನು ಸಮುದ್ರದೇವತೆಯ ಮಗನನ್ನಾಗಿ ಮಾಡಿ, ಇಂದಿನ ಅಮೆರಿಕದಲ್ಲಿ ಅಲೆಸಿ, ಒಂದು ಸಾಹಸದ ಕಥೆ ಕಟ್ಟಿದರು. ಅದು 2005ರಲ್ಲಿ ‘ದಿ ಲೈಟ್ನಿಂಗ್ ಥೀಫ್’ ಎಂಬ ಕಾದಂಬರಿಯಾಗಿ ಹೊರಬಂದು, ಲಕ್ಷಗಟ್ಟಲೆ ಮಕ್ಕಳ ಕೈಸೇರಿತು. ದೇವತೆಗಳ ಪರ್ವತ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಆರುನೂರನೆಯ ಅಂತಸ್ತಿನಲ್ಲಿದೆ ಎಂದರೆ ಯಾವ ಹುಡುಗ ತಾನೆ ಪುಸ್ತಕ ಕೆಳಗಿಟ್ಟಾನು? ಮುಂದೆ ಪ್ರಕಾಶಕರು ಆ ಉಪಾಧ್ಯಾಯರ ಹೆಸರಿನಲ್ಲಿಯೇ ಒಂದು ಮಾಲೆಯನ್ನು ತೆರೆದರು. ಬೇರೆ ಬೇರೆ ಜನಾಂಗಗಳ ಲೇಖಕರು ತಮ್ಮ ತಮ್ಮ ಮನೆತನದ ಪುರಾಣಗಳನ್ನು ಇದೇ ಧಾಟಿಯಲ್ಲಿ ಬರೆಯಲೆಂಬುದು ಅದರ ಉದ್ದೇಶ. ಆ ಮಾಲೆಯ ಮೊದಲ ಪುಸ್ತಕವೇ ಚೋಕ್ಷಿಯವರದು. ನೂರು ಬೇರೆ ಕಥೆಗಳಿರುವಾಗ ಮೊದಲ ಸ್ಥಾನ ಮಹಾಭಾರತಕ್ಕೆ ದೊರೆಯಿತು.

ಇಲ್ಲಿ ಇನ್ನೊಂದು ಸಂಗತಿ ಜ್ಞಾಪಕಕ್ಕೆ ಬರುತ್ತದೆ. 1967ರಲ್ಲಿ ದಿಲ್ಲಿಯ ದೂರದರ್ಶನದಲ್ಲಿ ಮಕ್ಕಳ ಪ್ರಶ್ನೋತ್ತರದ ಕಾರ್ಯಕ್ರಮವೊಂದನ್ನು ನೋಡಿದಾಗ, ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ಮಕ್ಕಳು ಶ್ರೀರಾಮನ ತಾಯಿ ಯಾರೆಂದು ಕೇಳಿದರೆ ಸುಮ್ಮನಾದರೆಂದೂ, ‘ಅಮರ ಚಿತ್ರಕಥೆ’ಯನ್ನು ಆರಂಭಿಸುವ ಸಂಕಲ್ಪ ಅಂದು ಬಲವಾಯಿತೆಂದೂ ಅನಂತ ಪೈಗಳು ಹೇಳುತ್ತಿದ್ದರು. ಪೈಗಳು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅಂದು ಗ್ರೀಕ್ ಕಥೆ ನಮ್ಮ ಕಥೆಯನ್ನು ಮಕ್ಕಳ ನಾಲಗೆಯಿಂದ ತಳ್ಳಿಹಾಕಿತ್ತು. ಐವತ್ತು ವರ್ಷದ ಮೇಲೆ ಗ್ರೀಕ್ ಕಥೆಯ ಯಶಸ್ಸೇ ನಮ್ಮ ಕಥೆಗೆ ಕೈಕೊಟ್ಟು ಮೇಲೆತ್ತಿತು. ಋಣಗಳು ಹೀಗೆ ವಿಚಿತ್ರವಾಗಿ ತೀರುತ್ತವೆ.

ಇನ್ನು ಕಥೆ. ಗುಟ್ಟನ್ನು ಬಿಟ್ಟುಕೊಡದೆ ಇದರ ಗುಣದೋಷಗಳನ್ನು ವಿಚಾರಿಸುವುದು ಸಾಧ್ಯವಿಲ್ಲ. ಆದಕಾರಣ, ಈ ಪುಸ್ತಕವನ್ನು ಓದಬೇಕೆಂದಿರುವ ಮಕ್ಕಳು ಪಕ್ಕದಲ್ಲಿ ಕುಳಿತಿದ್ದರೆ ಅವರನ್ನು ಸ್ವಲ್ಪ ಹೊತ್ತು ಅಂಗಳಕ್ಕೆ ಆಡಲು ಕಳುಹಿಸಬೇಕೆಂದು ಹಿರಿಯರಲ್ಲಿ ನಮ್ಮ ಬಿನ್ನಹ.

ಆರೂ ಎಂದರೆ ಅರುಂಧತಿ. ವಯಸ್ಸು ಹನ್ನೆರಡು. ತಾಯಿ ಪ್ರಾಚೀನ ಭಾರತದ ಕಲಾವಸ್ತುಗಳನ್ನಿಟ್ಟಿರುವ ಒಂದು ಮ್ಯೂಸಿಯಮ್ಮಿನ ಮೇಲ್ವಿಚಾರಕಳು. ಸದಾ ಕೆಲಸದ ಮೇಲೆ ಊರೂರು ತಿರುಗುವವಳು. ತಂದೆಯ ಸುದ್ದಿಯೇ ಮನೆಯಲ್ಲಿಲ್ಲ. ತಾಯಿಮಗಳಿಬ್ಬರೂ ಆ ಮ್ಯೂಸಿಯಮ್ಮಿನಲ್ಲಿಯೇ ವಾಸ. ಆರೂ ಓದುವ ಶಾಲೆ ಸಿರಿವಂತರ ಮಕ್ಕಳ ಶಾಲೆ. ಅವರ ಜೊತೆಯಲ್ಲಿ ಸರಿಸಮವಾಗಿ ನಿಲ್ಲುವುದಕ್ಕಾಗಿ ಈ ಹುಡುಗಿ ಸುಳ್ಳು ಹೇಳುವುದನ್ನು ಕಲಿತಿದ್ದಾಳೆ. ರಜೆಗೆ ದೂರದೇಶಕ್ಕೆ ಹೋಗುತ್ತೇವೆ ಎಂಬಂಥ ಸುಳ್ಳು. ಸುಳ್ಳನ್ನು ಹಿಡಿಯಬೇಕೆಂದು ಮೂವರು ಸಹಪಾಠಿಗಳು ಒಂದು ದಿನ ಬಾಗಿಲಿಗೇ ಬರುತ್ತಾರೆ. ಮ್ಯೂಸಿಯಮ್ಮಿನಲ್ಲಿರುವ ಒಂದು ಹಳೆಯ ದೀಪಕ್ಕೆ ಶಾಪವಿದೆ ಎಂದು ನೀನು ಹೇಳಿದ್ದು ನಿಜವಾದರೆ ಅದನ್ನು ಹಚ್ಚಿ ತೋರಿಸು ಎಂದು ಸವಾಲು ಹಾಕಿ, ಮೊಬೈಲ್ ಫೋನನ್ನು ಎದುರಿಗೆ ಹಿಡಿಯುತ್ತಾರೆ. ದೀಪವನ್ನು ಹಚ್ಚಕೂಡದೆಂಬುದು ತಾಯಿಯ ಕಟ್ಟಪ್ಪಣೆ. ಹುಡುಗಿ ಹಚ್ಚುತ್ತಾಳೆ. ದೀಪದೊಳಗೆ ಬಂಧಿತನಾಗಿದ್ದವನು ಎಚ್ಚತ್ತು ಹೊರಬರುತ್ತಾನೆ. ಇಂಗ್ಲಿಷಿನಲ್ಲಿ ಅವನ ಹೆಸರು ‘ಸ್ಲೀಪರ್’. ನಾವು ಅವನನ್ನು ಸುಪ್ತನೆನ್ನೋಣ. ಎದುರಿಗಿದ್ದ ಸಹಪಾಠಿಗಳೂ ತಾಯಿಯೂ ಕಲ್ಲಿನ ಬೊಂಬೆಗಳಂತೆ ನಿಶ್ಚಲರಾಗುತ್ತಾರೆ. ಅಮಾವಾಸ್ಯೆಯೊಳಗೆ ಸುಪ್ತನನ್ನು ತಡೆಯದಿದ್ದರೆ ಕಾಲವೇ ನಿಂತುಹೋಗುವುದು.

ಆಮೇಲೆ ಬರುವುದು ಒಂದು ಪಾರಿವಾಳ. ಪಾಂಡವರ ಜೀವಗಳು ಯುಗಯುಗದಲ್ಲಿ ಮತ್ತೆ ಹುಟ್ಟಿಬರುತ್ತವೆಂದೂ, ಆರೂ ಅವರಲ್ಲೊಬ್ಬಳೆಂದೂ ಅದು ತಿಳಿಸುತ್ತದೆ. ಆರೂವಿನಲ್ಲಿರುವುದು ಅರ್ಜುನನ ಜೀವ, ಆದುದರಿಂದ ಇಂದ್ರನು ಅವಳ ಆತ್ಮದ ತಂದೆ. ಇನ್ನೊಬ್ಬಳು ಮಿನಿ, ಪೂರ್ಣ ಹೆಸರು ಯಾಮಿನಿ; ಅವಳಲ್ಲಿರುವುದು ಯುಧಿಷ್ಠಿರನ ಜೀವ. ಯಮಧರ್ಮನ ಮಗಳಾದ ಈ ಹುಡುಗಿಗೆ ಲೋಕದಲ್ಲಿರುವ ಸಕಲ ರೋಗಗಳ ಹೆಸರೂ ಕಂಠಪಾಠ, ಅವೆಲ್ಲ ತನಗೆ ಅಂಟಿಕೊಳ್ಳುವುವೆಂಬ ಭಯ ಬೇರೆ. ಇಂದ್ರ ಮಗಳಿಗೆ ಕೊಡುವ ಕಾಣಿಕೆ ಆಡುವ ಒಂದು ಚೆಂಡು. ಯಮ ಕೊಡುವುದು ಮುಖಕ್ಕೆ ಪೌಡರು ಹಚ್ಚಿಕೊಳ್ಳುವಾಗ ಹಿಡಿಯುವ ಪುಟ್ಟ ಕನ್ನಡಿ. ಇವನ್ನು ಹಿಡಿದು, ಪಾರಿವಾಳದೊಡನೆ, ಮೂರು ಕೀಲಿಕೈಗಳನ್ನು ಹುಡುಕಿಕೊಂಡು, ಇಬ್ಬರು ಹುಡುಗಿಯರೂ ಯಮಲೋಕಕ್ಕೆ ಹೊರಡುತ್ತಾರೆ.

ಪಾಂಡವರು ಹೆಣ್ಣುಮಕ್ಕಳೆಂದೊಡನೆ ಕೆಲವರಿಗೆ ಅಸಮಾಧಾನವಾದೀತು. ಭಾರತವನ್ನು ಹೀಗೆ ಕೆಡಿಸಬಹುದೆ ಎಂದು ಕೇಳುವವರಿಗೆ ಕನ್ನಡದ ಆದಿಕವಿಯನ್ನೇ ಮುಂದಿಡುವುದು ಉಚಿತವೆಂದು ನಮಗೆ ತೋರುತ್ತದೆ. ಕ್ರಿಸ್ತಶಕ 941ರ ಸುಮಾರಿನಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ಮಾಡಿದ್ದೇನು? ತನ್ನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದ. ಅರಿಕೇಸರಿಯ ಬಿರುದುಗಳನ್ನು ಅರ್ಜುನನಿಗೆ ತೊಡಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ, ದ್ರೌಪದಿಯನ್ನು ಅರ್ಜುನನೊಬ್ಬನಿಗೆ ಮಡದಿಯನ್ನಾಗಿಸಿದ, ಕೊನೆಗೆ ಪಟ್ಟವನ್ನೂ ಧರ್ಮರಾಯನಿಗೆ ಬಿಟ್ಟು ಅರ್ಜುನನಿಗೆ ಕಟ್ಟಿದ. ಪಾಂಡವನೊಬ್ಬನು ಕವಿಯ ಕಾಲದಲ್ಲಿ, ಕವಿಯ ಊರಿನಲ್ಲಿ, ಇನ್ನೊಬ್ಬನ ರೂಪದಲ್ಲಿ ಎದ್ದುಬರುವುದು ನಮ್ಮ ಸಾಹಿತ್ಯದ ಮೊದಲ ಮಹಾಕಾವ್ಯಗಳಲ್ಲಿಯೇ ನಡೆದ ಸಂಗತಿ. ಅಲ್ಲಿ ಸಾಮಂತ ರಾಜ, ಇಲ್ಲಿ ಶಾಲೆಯ ಹುಡುಗಿ. ಹೆಣ್ಣಿನ ವೇಷವಾದರೂ ಅರ್ಜುನನಿಗೆ ಅಪರಿಚಿತವೆ? ವಿರಾಟನಗರದಲ್ಲಿ ಒಂದು ವರ್ಷ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದವನು ಅವನು. ಕುಮಾರವ್ಯಾಸನ ಉತ್ತರಕುಮಾರನ ಪ್ರಸಂಗವನ್ನು ಕೇಳಿ ನಕ್ಕು ಬೆಳೆದ ಕನ್ನಡದ ಮಕ್ಕಳಿಗೆ, ಅರ್ಜುನನ ಜೀವ ಜಡೆ ಹಾಕಿಕೊಂಡು ಬಂದರೆ ಆಶ್ಚರ್ಯವಾಗಬೇಕಾದುದಿಲ್ಲ.

ನಮ್ಮ ಹೆಂಗಸರು ಹೇಳಿಕೊಂಡು ಬಂದ ಗಜಗೌರೀ ವ್ರತದ ಕಥೆ ಇದಕ್ಕೂ ಹತ್ತಿರದ ನಂಟು. ವ್ಯಾಸಭಾರತದಲ್ಲಿ ಅದಿಲ್ಲ. ಗಾಂಧಾರಿಯ ನೂರು ಮಕ್ಕಳು ಮಣ್ಣು ಹೊತ್ತುತಂದು ತಾಯಿಯ ಪೂಜೆಗಾಗಿ ದೊಡ್ಡದೊಂದು ಆನೆ ಮಾಡಿದರಂತೆ. ಐದೇ ಮಕ್ಕಳ ಕುಂತಿಗೆ ಅಷ್ಟು ಮಣ್ಣು ತರುವವರಾರು? ಅವಳು ಮರುಗಿ ಕುಳಿತಾಗ ಅರ್ಜುನ ಬಾಣಗಳಿಂದ ಸ್ವರ್ಗಕ್ಕೆ ಏಣಿ ಕಟ್ಟಿ, ತಂದೆಯಾದ ಇಂದ್ರನ ಐರಾವತವನ್ನೇ ಇಳಿಸಿ ತಂದ. ಪಕ್ಕದ ಮನೆಯ ಸಿರಿಯ ಮುಂದೆ ತಮ್ಮ ಮನೆಯ ತಲೆ ತಗ್ಗಿದ ನೋವು, ಮೇಲಿನ ಲೋಕದಲ್ಲಿ ತಂದೆಯೊಬ್ಬನಿದ್ದಾನೆಂಬ ಧೈರ್ಯ: ಆರೂವಿನ ಕಥೆ ಹುಟ್ಟುವುದೂ ಇವೆರಡರಿಂದಲೇ. ಅಟ್ಲಾಂಟಾದ ಹುಡುಗಿ ಅದೇ ಅವಮಾನಕ್ಕೆ ಸುಳ್ಳಿನ ಐರಾವತವನ್ನು ಕಟ್ಟುತ್ತಾಳೆ, ಅಷ್ಟೆ. ಲೇಖಕಿಗೆ ಈ ವ್ರತದ ಕಥೆ ಗೊತ್ತಿತ್ತೆಂದು ನಾವು ಹೇಳುತ್ತಿಲ್ಲ. ಗೊತ್ತಿಲ್ಲದಿದ್ದರೂ ಕಥೆ ಅದೇ ಹಾದಿಯಲ್ಲಿ ನಡೆದಿದೆ.

ಆದುದರಿಂದ ಬದಲಾಯಿಸಿದ್ದಾರೆಂಬುದು ದೋಷವಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ. ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ವರ ಬೇಡಿದ ಮಿಡಾಸ್ ರಾಜನು ಮಗಳನ್ನಪ್ಪಿಕೊಂಡಾಗ ಅವಳೂ ಚಿನ್ನದ ಬೊಂಬೆಯಾದಳೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ರೋಮನ್ ಕವಿ ಓವಿಡ್ ಹೇಳಿದ ಕಥೆಯಲ್ಲಿ ಮಗಳೇ ಇಲ್ಲ. 1851ರಲ್ಲಿ ಅಮೆರಿಕದ ನೆಥಾನಿಯಲ್ ಹಾಥಾರ್ನ್ ಮಕ್ಕಳಿಗಾಗಿ ಪುರಾಣಕಥೆಗಳನ್ನು ಬರೆದಾಗ ಆ ಮಗಳನ್ನು ಸೇರಿಸಿದರು. ಈಗ ಅವಳಿಲ್ಲದೆ ಕಥೆಯನ್ನು ಯಾರೂ ಹೇಳಲಾರರು. ಓವಿಡನ ರಾಜನಿಗೆ ಅನ್ನ ನೀರು ಚಿನ್ನವಾಗಿ ಹಸಿವಿನ ಸಂಕಟ. ಹಾಥಾರ್ನರ ರಾಜನಿಗೆ ತನ್ನ ಲೋಭದ ಬೆಲೆ ತೋಳಿನಲ್ಲಿಯೇ ತಣ್ಣಗಾಗಿ ನಿಲ್ಲುತ್ತದೆ. ಕಥೆ ಮೊದಲಿಗಿಂತ ಕಠಿಣವಾಯಿತು, ಅದರಿಂದಲೇ ಉಳಿಯಿತು. ಮಕ್ಕಳಿಗಾಗಿ ಪುರಾಣವನ್ನು ತಿದ್ದುವವರನ್ನು ನಾವು ಕೇಳಬೇಕಾದ ಪ್ರಶ್ನೆ ಇದು: ಹಳೆಯ ಕಥೆಯೊಳಗಿದ್ದ ಕಷ್ಟವನ್ನು ಉಳಿಸಿಕೊಂಡಿರೊ, ಇಲ್ಲವೆ ಮಗುವಿಗೆ ಭಾರವಾಗುವುದೆಂದು ಅದನ್ನೇ ಕಳಚಿಟ್ಟಿರೊ?

ಈ ಒರೆಗಲ್ಲಿಗೆ ಹಚ್ಚಿದರೆ ಚೋಕ್ಷಿಯವರ ಪುಸ್ತಕದ ಬಹುಭಾಗ ಸಾಧಾರಣ ಲೋಹವೆಂದೇ ಹೇಳಬೇಕು. ದೇವಲೋಕದ ರಾತ್ರಿಯ ಸಂತೆ ಇವರಿಗೆ ಅಮೆರಿಕದ ಸಗಟು ಅಂಗಡಿಯ ರೂಪದಲ್ಲಿ ಕಾಣುತ್ತದೆ. ಮುಟ್ಟಿದ್ದನ್ನು ಬೂದಿ ಮಾಡುವ ಅಸುರ ಹೆಂಗಸರ ಅಲಂಕಾರದ ಅಂಗಡಿ ನಡೆಸುತ್ತಾನೆ. ನಗು ಬರುವುದು ನಿಜ. ನಮ್ಮ ಯಕ್ಷಗಾನದಲ್ಲಿಯೂ ಹಾಸ್ಯಗಾರನು ಯಮದೂತನ ವೇಷದಲ್ಲಿ ಬಂದು ಊರಿನ ಸಂತೆಯ ಮಾತನ್ನೇ ಆಡಿಬಿಡುತ್ತಾನೆ, ಯಾರೂ ಬೇಸರಪಡುವುದಿಲ್ಲ. ಆದರೆ ಭಾಗವತರು ಶೋಕದ ಪದವನ್ನೆತ್ತಿದಾಗ ಹಾಸ್ಯಗಾರ ರಂಗದ ಮೇಲೆ ಇರುವುದಿಲ್ಲ. ಈ ಪುಸ್ತಕದಲ್ಲಿ ಅವನು ಹೊರಟುಹೋಗುವುದೇ ಅಪರೂಪ. ಪ್ರಾಣಾಪಾಯದ ಹೊತ್ತಿನಲ್ಲಿಯೂ ಒಂದು ಚುಟುಕು ಮಾತು, ಸಿನಿಮಾ ಒಂದರ ಹೆಸರು, ಮತ್ತೆ ಓಟ. ಒಂದಾದ ಮೇಲೊಂದು ಕೀಲಿಕೈ ಸಿಕ್ಕುತ್ತ ಹೋಗುವ ರೀತಿಯೂ ಲೆಕ್ಕದ ಪುಸ್ತಕದಂತೆ ಸಲೀಸು. ಕೊನೆಯಲ್ಲಿ ಹೆಸರುಗಳ ಅರ್ಥಕೋಶವೊಂದನ್ನು ಸೇರಿಸಿದ್ದಾರೆ. ಅಮೆರಿಕದ ಮಕ್ಕಳಿಗೆ ಅದು ಬೇಕು. ನಮ್ಮ ಮಕ್ಕಳಿಗೆ ಅದರ ಅಗತ್ಯವಿಲ್ಲವೆಂದು ಧೈರ್ಯವಾಗಿ ಹೇಳುವ ಹಾಗಿದ್ದರೆ ನಮಗೆ ಸಂತೋಷವಾಗುತ್ತಿತ್ತು.

ಆದರೂ ಮೂರು ಕಡೆ ಲೋಹದೊಳಗೆ ಚಿನ್ನದ ಗೆರೆ ಹೊಳೆಯುತ್ತದೆ. ಯಮಲೋಕದ ದಾರಿಯಲ್ಲಿ ಮಕ್ಕಳು ಒಂದು ಅರಮನೆಗೆ ಬರುತ್ತಾರೆ. ಅದು ಮಯನು ಪಾಂಡವರಿಗಾಗಿ ಕಟ್ಟಿದ ಮಯಸಭೆ. ಭಾರತದಲ್ಲಿ ದುರ್ಯೋಧನನು ನೀರೆಂದು ನೆಲದ ಮೇಲೆ ಬಟ್ಟೆ ಎತ್ತಿದ, ನೆಲವೆಂದು ನೀರಿಗೆ ಬಿದ್ದ ಸಭೆ. ದ್ಯೂತದ ಬೀಜ ಬಿದ್ದದ್ದು ಅಲ್ಲಿ. ಪಾಂಡವರು ಕಾಡಿಗೆ ಹೋದ ಮೇಲೆ ಆ ಸಭೆಯ ಗತಿಯೇನಾಯಿತೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಈ ಲೇಖಕಿ ಕೇಳಿದ್ದಾರೆ. ಅರಮನೆಗೇ ಮಾತು ಬಂದಿದೆ. ತನ್ನನ್ನು ಬಿಟ್ಟುಹೋದ ಒಡೆಯರ ಮೇಲೆ ಅದಕ್ಕೆ ಕೋಪ. ಕೋಪಕ್ಕಿಂತ ಹೆಚ್ಚಾಗಿ, ಅವರು ತನ್ನನ್ನು ನೆನೆದಾರೆಯೆ ಎಂಬ ಹಂಬಲ. ಕೊನೆಗೆ ಹುಡುಗಿಯರ ಕೈಗೆ ತನ್ನ ನೆಲದ ಪುಟ್ಟ ಬಿಲ್ಲೆಯೊಂದನ್ನು ಕೊಟ್ಟು ಕಳುಹಿಸುತ್ತದೆ. ದೊಡ್ಡವರ ಸಭಾಪರ್ವಕ್ಕೆ ಈ ಪುಟಗಳನ್ನು ಸೇರಿಸಿ ಓದಬಹುದು ಎನ್ನುವಷ್ಟು ಚೆನ್ನಾಗಿದೆ ಈ ಕಲ್ಪನೆ.

ಎರಡನೆಯದು ಆ ಪಾರಿವಾಳ. ಮಕ್ಕಳಿಗೆ ದಾರಿ ತೋರಿಸುತ್ತ, ಗೊಣಗುತ್ತ, ಬೈಯುತ್ತ ಬಂದ ಈ ಪಕ್ಷಿ ಹಿಂದಿನ ಜನ್ಮದಲ್ಲಿ ಶಕುನಿಯಾಗಿತ್ತೆಂಬುದು ನಡುವೆ ತಿಳಿದುಬರುತ್ತದೆ. ಪಾಂಡವರ ಸರ್ವನಾಶಕ್ಕೆ ದಾಳ ಎಸೆದವನು ಈ ಜನ್ಮದಲ್ಲಿ ಅವರ ಕಾವಲುಗಾರ. ಗೊತ್ತಾದ ಮೇಲೆ ಅವನನ್ನು ನಂಬಬೇಕೆ ಬಾರದೆ? ಹನ್ನೆರಡು ವರ್ಷದ ಓದುಗನಿಗೆ ಇದು ನಿಜವಾದ ಇಕ್ಕಟ್ಟು. ಭಾರತದ ಸ್ವರ್ಗಾರೋಹಣಪರ್ವದಲ್ಲಿ ಧರ್ಮರಾಯನು ಸ್ವರ್ಗದಲ್ಲಿ ದುರ್ಯೋಧನನು ಕುಳಿತಿರುವುದನ್ನು ಕಂಡು ಮುಖ ತಿರುಗಿಸಿದ ಇಕ್ಕಟ್ಟಿಗೂ ಇದಕ್ಕೂ ದೂರವಿಲ್ಲ.

ಮೂರನೆಯದನ್ನು ಹೇಳುವ ಮೊದಲು ಸುಳ್ಳಿನ ವಿಚಾರಕ್ಕೆ ಹಿಂದಿರುಗಬೇಕು. ಆರೂ ಸುಳ್ಳುಗಾತಿ; ಲೇಖಕಿ ಆ ಸುಳ್ಳನ್ನು ಕಲ್ಪನಾಶಕ್ತಿಯ ಇನ್ನೊಂದು ಮುಖವೆಂದು ತೋರಿಸುತ್ತಾರೆ. ಶಾಲೆಯಲ್ಲಿ ಸುಳ್ಳು ಹೆಣೆದ ಬುದ್ಧಿಯೇ ರಾಕ್ಷಸರೆದುರು ಉಪಾಯ ಹೂಡುತ್ತದೆ. ಇದು ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅವಳ ಜೊತೆಯಲ್ಲಿಯೇ ಧರ್ಮರಾಯನ ಜೀವವಿರುವ ಮಿನಿ ನಡೆಯುತ್ತಿದ್ದಾಳೆ. ಆ ಜೀವ ಕುರುಕ್ಷೇತ್ರದಲ್ಲಿ ಅಶ್ವತ್ಥಾಮನ ವಿಷಯವಾಗಿ ಆಡಿದ ಒಂದೇ ಒಂದು ಅರ್ಧಸತ್ಯಕ್ಕೆ, ನೆಲ ಮುಟ್ಟದೆ ನಾಲ್ಕಂಗುಲ ಮೇಲೆ ಓಡುತ್ತಿದ್ದ ರಥ ನೆಲಕ್ಕಿಳಿಯಿತು. ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಡೆಸಿಯೂ ಲೇಖಕಿ ಆ ರಥವನ್ನು ಮರೆತದ್ದು ಕೈಗೆ ಬಂದ ಅವಕಾಶವನ್ನು ಬಿಟ್ಟಂತಾಯಿತು. ಆದರೆ ಇದಕ್ಕಿಂತ ದೊಡ್ಡ ಸುಳ್ಳೊಂದು ಈ ಕಥೆಯ ಬುಡದಲ್ಲಿದೆ, ಅದರ ಬೆಲೆಯನ್ನು ಮಾತ್ರ ಅವರು ಬಿಡದೆ ವಸೂಲು ಮಾಡಿದ್ದಾರೆ. ಅದು ತಾಯಿಯದು.

ದೀಪದಲ್ಲಿ ಬಂಧಿತನಾಗಿದ್ದ ಸುಪ್ತನು ಆರೂವಿನ ಹೆತ್ತ ತಂದೆ. ಅವನನ್ನು ಅಲ್ಲಿ ಸೆರೆಯಿಟ್ಟವಳು ತಾಯಿ. ಮಗಳಿಗೆ ಹನ್ನೆರಡು ವರ್ಷ ಅವಳು ಈ ಸಂಗತಿಯನ್ನು ಹೇಳಲಿಲ್ಲ. ಹೇಳಿದ್ದು, ದೀಪ ಹಚ್ಚಬೇಡ ಎಂಬಷ್ಟೆ. ಭಾರತವನ್ನು ಬಲ್ಲ ಕಿವಿಗೆ ಇಲ್ಲಿ ಇನ್ನೊಬ್ಬ ತಾಯಿಯ ಮೌನ ಕೇಳಿಸದಿರದು. ಕರ್ಣನು ತಮ್ಮ ಅಣ್ಣನೆಂಬುದನ್ನು ಕುಂತಿ ಮಕ್ಕಳಿಗೆ ಹೇಳಿದ್ದು ಯುದ್ಧ ಮುಗಿದು, ತರ್ಪಣದ ನೀರು ಬಿಡುವ ಹೊತ್ತಿನಲ್ಲಿ. ಅಷ್ಟರಲ್ಲಿ ಅರ್ಜುನನ ಬಾಣ ತನ್ನ ಕೆಲಸ ಮಾಡಿತ್ತು. ಧರ್ಮರಾಯನು ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೆ ಹೋಗಲಿ ಎಂದು ಶಪಿಸಿದ ಸಂಕಟ ಅದೇ. ಚೋಕ್ಷಿಯವರ ಕಥೆಯಲ್ಲಿ ಗುಟ್ಟು ಸ್ವಲ್ಪ ಬೇಗ ಹೊರಬೀಳುತ್ತದೆ. ವಜ್ರಾಯುಧ ಕೈಯಲ್ಲಿದೆ, ಶತ್ರು ಎದುರಿಗೆ ಸಿಕ್ಕಿದ್ದಾನೆ, ಹೊಡೆದರೆ ಕಥೆ ಮುಗಿಯಿತು. ಆಗ ಅವನು ತಾನು ತಂದೆಯಾಗಿದ್ದ ಕಾಲದ ನೆನಪನ್ನು ಅವಳ ಮುಂದಿಡುತ್ತಾನೆ. ಹುಡುಗಿಯ ಕೈ ತಡೆಯುತ್ತದೆ. ಆ ಒಂದು ಕ್ಷಣದಲ್ಲಿ ಅವನು ತಪ್ಪಿಸಿಕೊಳ್ಳುತ್ತಾನೆ.

ಅರ್ಜುನನ ಜೀವವೆಂದು ಪುಸ್ತಕದ ಉದ್ದಕ್ಕೂ ಹೇಳಿದ್ದು ಇಲ್ಲಿ ಬಂದು ನಿಜವಾಗುತ್ತದೆಂದು ನಮ್ಮ ಅಭಿಪ್ರಾಯ. ಬಿಲ್ಲಿನಿಂದಲ್ಲ, ಇಂದ್ರನ ಕಾಣಿಕೆಯಿಂದಲೂ ಅಲ್ಲ. ಎರಡು ಸೇನೆಗಳ ನಡುವೆ ರಥ ನಿಲ್ಲಿಸಿ, ಅಜ್ಜನನ್ನೂ ಗುರುವನ್ನೂ ನೋಡಿ ಗಾಂಡೀವ ಜಾರಿಸಿದವನ ಕೈ ಇದು. ಅಲ್ಲಿ ಮಾತನಾಡಲು ಶ್ರೀಕೃಷ್ಣನಿದ್ದ. ಇಲ್ಲಿ ಯಾರೂ ಇಲ್ಲ. ಅವಳು ಹೊಡೆಯಬೇಕಾಗಿತ್ತೆ, ಹೊಡೆಯದಿದ್ದುದು ಸರಿಯೆ ಎಂಬುದಕ್ಕೆ ಲೇಖಕಿ ಈ ಸಂಪುಟದಲ್ಲಿ ಉತ್ತರ ಕೊಡುವುದಿಲ್ಲ. ಕೊಡದಿರುವುದೇ ಒಳ್ಳೆಯದಾಯಿತು. ಮಕ್ಕಳ ಪುಸ್ತಕಗಳಲ್ಲಿ ದುಷ್ಟನು ದುಷ್ಟನೆಂದು ಮುಖದ ಮೇಲೆ ಬರೆದುಕೊಂಡಿರುತ್ತಾನೆ; ಅವನನ್ನು ಕೊಂದವರಿಗೆ ರಾತ್ರಿ ನಿದ್ದೆ ಬರುತ್ತದೆ. ಈ ಹುಡುಗಿಗೆ ಬರುವಂತಿಲ್ಲ.

ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೆ? ಇಂಗ್ಲಿಷು ಒಂದಿಷ್ಟು ಓಡುವ ಒಂಬತ್ತು ಹತ್ತು ವರ್ಷದ ಮಗುವಿಗೆ ಧಾರಾಳವಾಗಿ ಕೊಡಬಹುದು. ಆದರೆ ಭಾರತದ ಕಥೆಯನ್ನು ಮೊದಲು ಬಾಯಲ್ಲಿ ಹೇಳಿದ್ದರೆ ಒಳ್ಳೆಯದು. ಹೇಳದೆ ಕೊಟ್ಟರೆ ಮಯಸಭೆ ಮಗುವಿಗೆ ಮಾಟದ ಒಂದು ಮನೆಯಾಗಿ, ಶಕುನಿ ಮುಂಗೋಪದ ಒಂದು ಹಕ್ಕಿಯಾಗಿ ಕಂಡಾರು. ಓಟ ಉಳಿದು, ಕಥೆಯ ಭಾರ ಕಳೆದುಹೋದೀತು. ಇಷ್ಟರಮೇಲೆ ಮಗು ಪುಸ್ತಕ ಮುಚ್ಚಿ, ಆ ಹುಡುಗಿ ಏಕೆ ಹೊಡೆಯಲಿಲ್ಲ ಎಂದು ಕೇಳಿದರೆ, ದೊಡ್ಡವರು ಭೀಷ್ಮಪರ್ವದ ಮೊದಲ ಭಾಗವನ್ನು ಇನ್ನೊಮ್ಮೆ ತಿರುವಿಹಾಕಿ ಸಿದ್ಧರಾಗಿರಬೇಕು. ಅಂಗಳಕ್ಕೆ ಕಳುಹಿಸಿದ ಮಕ್ಕಳನ್ನು ಈಗ ಒಳಕ್ಕೆ ಕರೆಯಬಹುದು.